ಹಬ್ಬದ ಔದಾರ್ಯ ಮತ್ತು ಹಳೆಯ ಬಾಕಿ: ಡಿಕನ್ಸನ ಕ್ರಿಸ್‌ಮಸ್ ಕಥೆಯ ಪುನರ್ವಿಮರ್ಶೆ

೧

ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಕಿರುಗ್ರಂಥವು ೧೮೪೩ನೆಯ ಇಸವಿ ಡಿಸೆಂಬರ್ ೧೯ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಕ್ರೈಸ್ತರ ಈ ಹಬ್ಬದ ದಿನಗಳಲ್ಲಿ ಔದಾರ್ಯವನ್ನು ಕುರಿತು ಇಂಗ್ಲಿಷ್ ಬಲ್ಲ ಜನ ಆಡುವ ಮಾತುಗಳಲ್ಲಿ ಬಹುಭಾಗ ಇಂದಿಗೂ ಈ ಗ್ರಂಥಕ್ಕೆ ಋಣಿಯಾಗಿದೆ. ಹಬ್ಬವು ವ್ಯಾಪಾರದ ಪಾಲಾಯಿತು, ಕೊಳ್ಳುವ ಭರದಲ್ಲಿ ಕೊಡುವ ಗುಣ ಮರೆಯಾಯಿತು ಎಂಬ ಕೊರಗು ಪ್ರತಿವರ್ಷವೂ ಡಿಸೆಂಬರಿನಲ್ಲಿ ಕೇಳಿಬರುತ್ತದೆ. ಅದಕ್ಕೆ ಉತ್ತರವಾಗಿ ಜನರು ಮೊದಲು ನೆನೆಯುವುದು ಈ ಕಥೆಯನ್ನೇ.

ಕಥೆಯು ವಾಚಕರಲ್ಲಿ ಅನೇಕರಿಗೆ ತಿಳಿದಿರುವಂಥದೇ. ಎಬನೀಜರ್ ಸ್ಕ್ರೂಜ್ ಎಂಬ ಮುದುಕ ಲಂಡನ್ನಿನ ಒಬ್ಬ ಲೇವಾದೇವಿ ವ್ಯಾಪಾರಿ, ಪರಮ ಜಿಪುಣ. ಹಬ್ಬದ ಹಿಂದಿನ ರಾತ್ರಿ, ಸತ್ತು ಏಳು ವರ್ಷಗಳಾದ ಅವನ ಪಾಲುದಾರ ಮಾರ್ಲಿಯ ಪ್ರೇತವು ಬಂದು ಎಚ್ಚರಿಕೆ ಹೇಳುತ್ತದೆ. ಬಳಿಕ ಭೂತ, ವರ್ತಮಾನ, ಭವಿಷ್ಯತ್ತುಗಳ ಮೂರು ಭೂತಗಳು ಅವನಿಗೆ ಅವನ ಬಾಳನ್ನೇ ತೋರಿಸುತ್ತವೆ. ಬೆಳಗಾಗುವುದರೊಳಗೆ ಅವನು ಬೇರೆಯ ಮನುಷ್ಯನಾಗುತ್ತಾನೆ. ತನ್ನ ಗುಮಾಸ್ತ ಬಾಬ್ ಕ್ರ್ಯಾಚಿಟ್ಟನ ಮನೆಗೆ ದೊಡ್ಡದೊಂದು ಟರ್ಕಿ ಕೋಳಿಯನ್ನು ಕಳುಹಿಸುತ್ತಾನೆ, ಬಡವರ ನಿಧಿಗೆ ಹಣ ಕೊಡುತ್ತಾನೆ, ಗುಮಾಸ್ತನ ಸಂಬಳವನ್ನು ಹೆಚ್ಚಿಸುತ್ತಾನೆ.

ಹಣಕ್ಕಿಂತ ಹೃದಯ ದೊಡ್ಡದು, ವಸ್ತುವಿಗಿಂತ ಪ್ರೀತಿ ದೊಡ್ಡದು ಎಂಬುದೇ ಈ ಕಥೆಯ ಸಾರವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಯನ್ನು ಬೋಧಿಸುವಾಗ ನಾವೂ ಹಲವು ವರ್ಷ ಹಾಗೆಯೇ ಹೇಳಿಕೊಂಡು ಬಂದೆವು. ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಎದ್ದುನಿಂತು, ಕೊನೆಗೆ ಆ ಗುಮಾಸ್ತನ ಸಂಬಳ ಎಷ್ಟಕ್ಕೆ ಏರಿತೆಂದು ಕೇಳಿದನು. ಗ್ರಂಥದಲ್ಲಿ ಅದಕ್ಕೆ ಉತ್ತರವಿಲ್ಲ. ತರಗತಿ ನಕ್ಕಿತು, ನಾವೂ ನಕ್ಕೆವು. ಆದರೆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಗ್ರಂಥವನ್ನು ಮತ್ತೆ ಓದಿದಾಗ ನಮಗೆ ಕಂಡುಬಂದುದನ್ನು ಇಲ್ಲಿ ನಿವೇದಿಸುತ್ತೇವೆ. ಸಂಕ್ಷೇಪವಾಗಿ ಹೇಳುವುದಾದರೆ ಅದು ಇಷ್ಟು: ಡಿಕನ್ಸನು ವಸ್ತುಗಳ ವಿರೋಧಿಯಲ್ಲ, ಅವನ ಕಥೆಯಲ್ಲಿ ಕೃತಜ್ಞನಾಗಬೇಕಾದವನು ಪಡೆದವನಲ್ಲ, ಕೊಟ್ಟವನು, ಮತ್ತು ಅಲ್ಲಿ ಔದಾರ್ಯವೆನಿಸಿಕೊಳ್ಳುವುದು ಬಹುಮಟ್ಟಿಗೆ ಹಳೆಯ ಬಾಕಿಯ ಸಂದಾಯ.

೨

ಗ್ರಂಥವು ಹುಟ್ಟಿದ ಸನ್ನಿವೇಶವನ್ನು ಮೊದಲು ನೋಡಬೇಕು. ೧೮೩೪ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಡವರ ಕಾನೂನನ್ನು ತಿದ್ದಿತು. ಕೈಲಾಗುವ ಬಡವನಿಗೆ ನೆರವು ಬೇಕಾದರೆ ಅವನು ವರ್ಕ್‌ಹೌಸನ್ನು ಸೇರಬೇಕು. ಅಲ್ಲಿಯ ಬಾಳು ಹೊರಗಿನ ಅತಿ ಬಡ ಕೂಲಿಕಾರನ ಬಾಳಿಗಿಂತಲೂ ಕೀಳಾಗಿರಬೇಕು ಎಂಬುದು ಆ ಕಾನೂನಿನ ತತ್ತ್ವ. ಗಂಡ, ಹೆಂಡತಿ, ಮಕ್ಕಳನ್ನು ಒಳಗೆ ಬೇರೆ ಬೇರೆ ಇಡುತ್ತಿದ್ದರು. ಈ ತತ್ತ್ವಕ್ಕೆ ಬೆನ್ನೆಲುಬಾಗಿದ್ದುದು ಮಾಲ್ಥಸನ ಜನಸಂಖ್ಯಾ ವಿಚಾರ. ೧೭೯೮ರಲ್ಲಿ ಮೊದಲು ಪ್ರಕಟವಾದ ತನ್ನ ಪ್ರಬಂಧದ ೧೮೦೩ರ ಆವೃತ್ತಿಯಲ್ಲಿ ಅವನು, ಕೆಲಸವೂ ಆಸರೆಯೂ ಇಲ್ಲದೆ ಹುಟ್ಟಿದವನಿಗೆ ಪ್ರಕೃತಿಯ ಭೋಜನದ ಪಂಕ್ತಿಯಲ್ಲಿ ಎಲೆ ಹಾಕಿಲ್ಲವೆಂಬರ್ಥದ ಮಾತನ್ನು ಬರೆದನು. ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನು ತೆಗೆದುಹಾಕಿದರೂ ಜನ ಅದನ್ನು ಮರೆಯಲಿಲ್ಲ.

ಕಥೆಯ ಆರಂಭದಲ್ಲಿ ಬಡವರಿಗಾಗಿ ಚಂದಾ ಎತ್ತಲು ಬಂದ ಇಬ್ಬರು ಮಹನೀಯರನ್ನು ಸ್ಕ್ರೂಜನು ಕೇಳುವುದು ಸೆರೆಮನೆಗಳು ಇವೆಯಷ್ಟೆ, ವರ್ಕ್‌ಹೌಸುಗಳು ನಡೆಯುತ್ತಿವೆಯಷ್ಟೆ ಎಂದು. ಅಲ್ಲಿಗೆ ಹೋಗುವುದಕ್ಕಿಂತ ಸಾಯಲು ಬಯಸುವವರು ಸತ್ತು ಹೆಚ್ಚುವರಿ ಜನಸಂಖ್ಯೆಯನ್ನು ತಗ್ಗಿಸಲಿ ಎನ್ನುತ್ತಾನೆ. ಇದನ್ನು ಒಬ್ಬ ಜಿಪುಣನ ವಿಕಾರವೆಂದಷ್ಟೇ ಓದಿದರೆ ತಪ್ಪಾಗುತ್ತದೆ. ಸ್ಕ್ರೂಜನು ಆಡುವುದು ಅಂದಿನ ಶಾಸನದ ಮಾತು, ಅಂದಿನ ಅರ್ಥಶಾಸ್ತ್ರದ ಮಾತು. ತನ್ನ ತೆರಿಗೆಯಿಂದ ಆ ಸಂಸ್ಥೆಗಳು ನಡೆಯುತ್ತಿರುವಾಗ ತಾನು ಕೊಡಬೇಕಾದುದು ತೀರಿತು ಎಂಬುದೇ ಅವನ ವಾದ. ಲೆಕ್ಕದಲ್ಲಿ ಅವನು ಯಾರಿಗೂ ಏನೂ ಬಾಕಿಯಿಲ್ಲ. ಗ್ರಂಥವು ಮುಂದೆ ಅಲುಗಿಸುವುದು ಈ ಲೆಕ್ಕವನ್ನೇ.

೧೮೪೩ರ ಆರಂಭದಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತ ಸರ್ಕಾರಿ ಆಯೋಗದ ವರದಿಯನ್ನು ಡಿಕನ್ಸನು ಓದಿದನು. ಬಡವರ ಮಕ್ಕಳ ಪರವಾಗಿ ಇಂಗ್ಲೆಂಡಿನ ಜನತೆಗೆ ಮನವಿಯೊಂದನ್ನು ಕಿರುಹೊತ್ತಗೆಯಾಗಿ ಬರೆಯಬೇಕೆಂದುಕೊಂಡು, ಅದಕ್ಕಿಂತ ಬಲವಾದ ಪೆಟ್ಟನ್ನು ವರ್ಷದ ಕೊನೆಗೆ ಕೊಡುವೆನೆಂದು ಅದನ್ನು ಕೈಬಿಟ್ಟನು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್ ಎಂಬಲ್ಲಿದ್ದ ಚಿಂದಿಬಟ್ಟೆಯ ಮಕ್ಕಳ ಧರ್ಮಶಾಲೆಯನ್ನು ಕಂಡುಬಂದನು. ಅಕ್ಟೋಬರ್ ೫ರಂದು ಮ್ಯಾಂಚೆಸ್ಟರಿನ ಅಥೀನಿಯಂ ಸಂಸ್ಥೆಯಲ್ಲಿ ದುಡಿಯುವ ಜನರ ವಿದ್ಯೆಯನ್ನು ಕುರಿತು ಭಾಷಣ ಮಾಡಿದನು. ಅನಂತರ ಕೆಲವೇ ವಾರಗಳಲ್ಲಿ ಗ್ರಂಥ ಸಿದ್ಧವಾಯಿತು. ವರ್ತಮಾನದ ಭೂತವು ತನ್ನ ನಿಲುವಂಗಿಯ ಕೆಳಗಿನಿಂದ ಹೊರತಂದು ತೋರಿಸುವ ಇಬ್ಬರು ಕೃಶ ಮಕ್ಕಳು, ಅಜ್ಞಾನ ಮತ್ತು ದಾರಿದ್ರ್ಯ, ಈ ವರದಿಯಿಂದಲೂ ಈ ಶಾಲೆಯಿಂದಲೂ ಎದ್ದುಬಂದವರೆಂಬುದರಲ್ಲಿ ಸಂದೇಹವಿಲ್ಲ.

೩

ಇನ್ನು ವಸ್ತುಗಳ ವಿಚಾರ. ಹಬ್ಬದ ಸರಳತೆಯನ್ನು ಬೋಧಿಸುವವರು ಈ ಗ್ರಂಥವನ್ನು ಪ್ರಮಾಣವಾಗಿ ಎತ್ತಿ ಹೇಳುವುದುಂಟು. ಆದರೆ ಗ್ರಂಥವನ್ನು ತೆರೆದು ನೋಡಿದರೆ ಅಲ್ಲಿ ಸರಳತೆಯ ಸುಳಿವೇ ಇಲ್ಲ. ವರ್ತಮಾನದ ಭೂತವು ಕುಳಿತಿರುವ ಸಿಂಹಾಸನವು ಟರ್ಕಿ, ಹೆಬ್ಬಾತು, ಮಾಂಸ, ಹಣ್ಣು, ಕಡುಬುಗಳ ರಾಶಿಯಿಂದಲೇ ಆದದ್ದು. ಅದರ ಹಿಂದೆಯೇ ಬರುವ ಪುಟಗಳಲ್ಲಿ ಹಣ್ಣಿನಂಗಡಿ, ದಿನಸಿಯಂಗಡಿಗಳ ವರ್ಣನೆಯು ಬಾಯಲ್ಲಿ ನೀರೂರಿಸುವಂತಿದೆ. ಈರುಳ್ಳಿಗೂ ಅಲ್ಲಿ ಒಂದು ಶೃಂಗಾರವಿದೆ. ವಸ್ತುವನ್ನು ತುಚ್ಛವೆನ್ನುವ ಲೇಖಕನು ಹೀಗೆ ಬರೆಯಲಾರ. ಇಡೀ ಕಥೆಯಲ್ಲಿ ವಸ್ತುಸುಖವನ್ನು ತೊರೆದು ಬದುಕುವವನು ಒಬ್ಬನೇ, ಅವನು ಸ್ಕ್ರೂಜ್. ಅವನದು ತಣ್ಣನೆಯ ಕೋಣೆ, ಗಂಜಿಯ ಊಟ, ಅಗ್ಗವೆಂದು ಒಲಿದ ಕತ್ತಲೆ. ಮಿತವ್ಯಯವೇ ಪರಮಗುಣವಾದರೆ ಕಥೆಯ ನಾಯಕನು ಮೊದಲ ಪುಟದಲ್ಲಿಯೇ ಮುಕ್ತನಾಗಿದ್ದಾನೆನ್ನಬೇಕಾಗುತ್ತದೆ.

ಈ ಸಮೃದ್ಧಿಯ ವರ್ಣನೆಗೆ ಒಂದು ವಾದದ ಬಲವೂ ಉಂಟು. ಪಂಕ್ತಿಯಲ್ಲಿ ಎಲೆಯಿಲ್ಲವೆಂದ ಮಾಲ್ಥಸನಿಗೆ ಇದು ಉತ್ತರ. ೧೮೪೪ರಲ್ಲಿ ‘ವೆಸ್ಟ್‌ಮಿನ್‌ಸ್ಟರ್ ರಿವ್ಯೂ’ ಪತ್ರಿಕೆಯು ಡಿಕನ್ಸನಿಗೆ ಅರ್ಥಶಾಸ್ತ್ರ ತಿಳಿಯದೆಂದು ಟೀಕಿಸಿತು. ಕ್ರ್ಯಾಚಿಟ್ಟನಿಗೆ ಟರ್ಕಿ ಸಿಕ್ಕಬೇಕಾದರೆ ಇನ್ನಾರೋ ಟರ್ಕಿಯಿಲ್ಲದೆ ಇರಬೇಕಾಯಿತಲ್ಲ, ಅವರ ಲೆಕ್ಕವನ್ನು ಲೇಖಕನು ಹೇಳಲಿಲ್ಲವೇಕೆ ಎಂಬುದು ಅದರ ಆಕ್ಷೇಪ. ಆಕ್ಷೇಪವು ಹಗುರವಾದುದಲ್ಲ. ದಾನದಿಂದ ಹೊಸ ಸಂಪತ್ತು ಹುಟ್ಟುವುದಿಲ್ಲ, ಇದ್ದುದು ಕೈ ಬದಲಾಗುತ್ತದೆ ಅಷ್ಟೆ ಎಂಬ ತರ್ಕ ಅದರಲ್ಲಿದೆ. ಆದರೆ ಟೀಕಾಕಾರರು ಕಥೆಯ ಒಂದು ವಿವರವನ್ನು ಗಮನಿಸಲಿಲ್ಲವೆಂದು ತೋರುತ್ತದೆ. ಸ್ಕ್ರೂಜನು ಎಚ್ಚತ್ತು ಕಿಟಕಿಯಿಂದ ಹುಡುಗನನ್ನು ಕೂಗಿ ಕೇಳುವ ಹೊತ್ತಿಗೆ ಹಬ್ಬದ ಬೆಳಗು ಆಗಿಹೋಗಿದೆ. ಬಹುಮಾನದ ಆ ಮಹಾ ಟರ್ಕಿಯು ಇನ್ನೂ ಅಂಗಡಿಯಲ್ಲಿಯೇ ತೂಗುತ್ತಿದೆ. ಅದನ್ನು ಕೊಳ್ಳುವವರಾರೂ ಬಂದಿರಲಿಲ್ಲ. ಪೇಟೆಯಲ್ಲಿ ಪದಾರ್ಥವಿತ್ತು, ವಾರಕ್ಕೆ ೧೫ ಷಿಲಿಂಗ್ ಸಂಬಳದ ಮನೆಯಲ್ಲಿ ಅದನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಕೊರತೆಯಿದ್ದುದು ಸಂಬಳದಲ್ಲಿ. ಡಿಕನ್ಸನು ಇದನ್ನು ಸೂತ್ರವಾಗಿ ಹೇಳುವುದಿಲ್ಲ. ಕೋಳಿಯನ್ನು ಅಂಗಡಿಯಲ್ಲಿ ತೂಗುಹಾಕಿ ತೋರಿಸುತ್ತಾನೆ.

ಕ್ರ್ಯಾಚಿಟ್ಟರ ಮನೆಯ ಊಟದಲ್ಲಿಯೂ ಇಂಥ ವಿವರಗಳಿವೆ. ಹೆಬ್ಬಾತನ್ನು ಬೇಯಿಸಿದುದು ಮನೆಯಲ್ಲಲ್ಲ, ರೊಟ್ಟಿಯಂಗಡಿಯವನ ಒಲೆಯಲ್ಲಿ. ಬಡವರ ಮನೆಗಳಲ್ಲಿ ಅಂಥ ಒಲೆಗಳೇ ಇರಲಿಲ್ಲ. ದೊಡ್ಡ ಮಗಳು ಟೋಪಿಯಂಗಡಿಯಲ್ಲಿ ಕೆಲಸಗಾತಿ; ಹಿಂದಿನ ರಾತ್ರಿಯ ಕೆಲಸ ಮುಗಿಯದೆ ಹಬ್ಬದ ದಿನವೂ ತಡವಾಗಿ ಬರುತ್ತಾಳೆ. ಇತರರ ಹಬ್ಬದ ಉಡುಪುಗಳು ಸಿದ್ಧವಾದುದು ಇಂಥವರ ನಿದ್ರೆಯಿಂದ ಎಂಬುದನ್ನು ಓದುಗನು ತಾನೇ ಊಹಿಸಿಕೊಳ್ಳಬೇಕು. ಮಗ ಪೀಟರನಿಗೆ ವಾರಕ್ಕೆ ಐದೂವರೆ ಷಿಲಿಂಗಿನ ಕೆಲಸ ಸಿಕ್ಕೀತೆಂಬ ಸುದ್ದಿಗೆ ಇಡೀ ಮನೆ ಹಿಗ್ಗುತ್ತದೆ. ಆ ಮನೆಯ ಸಂತೋಷವನ್ನು ಡಿಕನ್ಸನು ಕೊಂಡಾಡುತ್ತಾನೆ, ನಿಜ. ಆದರೆ ಆ ಸಂತೋಷದ ಬದಿಯಲ್ಲಿಯೇ ಅದರ ಬೆಲೆಪಟ್ಟಿಯನ್ನೂ ಇಟ್ಟಿದ್ದಾನೆ.

೪

ಪ್ರಕೃತ ಲೇಖನದ ಮುಖ್ಯ ವಿಷಯಕ್ಕೆ ಈಗ ಬರೋಣ. ನಮ್ಮ ನುಡಿಯಲ್ಲಿ ಕೃತಜ್ಞನೆಂದರೆ ಕೃತವನ್ನು, ಅಂದರೆ ತನಗೆ ಮಾಡಿದುದನ್ನು, ಅರಿತವನು. ಕೃತಜ್ಞತೆಯು ಮೊದಲು ಒಂದು ಅರಿವು, ಆಮೇಲೆ ಒಂದು ಭಾವ. ಈ ಅರ್ಥವನ್ನು ಹಿಡಿದು ನೋಡಿದರೆ ಕಥೆಯ ರಚನೆಯು ಸ್ಪಷ್ಟವಾಗುತ್ತದೆ. ಭೂತಗಳು ಸ್ಕ್ರೂಜನಿಗೆ ಉಪದೇಶ ಮಾಡುವುದು ಕಡಮೆ. ಅವು ಅವನಿಗೆ ಮಾಡಿದುದನ್ನು ತೋರಿಸುತ್ತವೆ: ಒಂಟಿಯಾಗಿದ್ದ ಬಾಲಕನನ್ನು ಶಾಲೆಯಿಂದ ಮನೆಗೆ ಕರೆದೊಯ್ಯಲು ಬಂದ ತಂಗಿ, ಹಬ್ಬದ ರಾತ್ರಿ ಅಂಗಡಿಯನ್ನೇ ನೃತ್ಯಶಾಲೆಯಾಗಿ ಮಾಡಿದ ಹಳೆಯ ಯಜಮಾನ ಫೆಜ್ಜಿವಿಗ್. ಆ ಔತಣಕ್ಕೆ ಮೂರು ನಾಲ್ಕು ಪೌಂಡು ಖರ್ಚಾದೀತು, ಅಷ್ಟಕ್ಕೆ ಇಷ್ಟು ಹೊಗಳಿಕೆಯೇ ಎಂದು ಭೂತವು ಕೆಣಕಿದಾಗ ಸ್ಕ್ರೂಜನು ತನಗರಿಯದೆ ಪ್ರತಿವಾದಿಸುತ್ತಾನೆ: ಆಳುಗಳ ಕೆಲಸವನ್ನು ಹಗುರವಾಗಿಯೂ ಭಾರವಾಗಿಯೂ ಮಾಡುವ ಶಕ್ತಿ ಯಜಮಾನನ ಕೈಯಲ್ಲಿದೆ ಎನ್ನುತ್ತಾನೆ. ಮರುಕ್ಷಣವೇ ಅವನಿಗೆ ತನ್ನ ಗುಮಾಸ್ತನ ನೆನಪಾಗುತ್ತದೆ. ಪಡೆದುದರ ಅರಿವೇ ಕೊಡಬೇಕಾದುದರ ಅರಿವಾಗಿ ತಿರುಗುವ ಕ್ಷಣ ಇದು.

ಇದಕ್ಕೆ ವಿರುದ್ಧವಾದ ಚಿತ್ರವು ಕ್ರ್ಯಾಚಿಟ್ಟರ ಊಟದ ಕೊನೆಯಲ್ಲಿದೆ. ಬಾಬನು ಎಲ್ಲರೂ ಸ್ಕ್ರೂಜನ ಹೆಸರಿನಲ್ಲಿ ಪಾನ ಮಾಡಬೇಕೆನ್ನುತ್ತಾನೆ, ಈ ಊಟಕ್ಕೆ ಅವನೇ ಕಾರಣನೆಂಬಂತೆ. ಅವನ ಹೆಂಡತಿ ಕೆಂಡವಾಗುತ್ತಾಳೆ. ಇಂಥ ನಿಷ್ಠುರ ಮನುಷ್ಯನಿಗೆ ಶುಭ ಕೋರಬೇಕಾದರೆ ಹಬ್ಬದ ದಿನವೇ ಆಗಿರಬೇಕು ಎನ್ನುತ್ತಾಳೆ. ಕೊನೆಗೆ ಗಂಡನಿಗಾಗಿ ಮತ್ತು ಆ ದಿನಕ್ಕಾಗಿ ಮಾತ್ರ ಒಪ್ಪುತ್ತಾಳೆ. ಮಕ್ಕಳು ಮನಸ್ಸಿಲ್ಲದೆ ಕುಡಿಯುತ್ತಾರೆ. ಹಲವು ವಿಮರ್ಶಕರು ಇಲ್ಲಿ ಬಾಬನ ಸಹನೆಯನ್ನು ಮೆಚ್ಚಿದ್ದಾರೆ. ನಮಗಾದರೋ ಈ ದೃಶ್ಯದ ಸತ್ಯವೆಲ್ಲ ಆ ಗೃಹಿಣಿಯ ಸಿಡುಕಿನಲ್ಲಿದೆಯೆಂದು ತೋರುತ್ತದೆ. ತನ್ನ ದುಡಿಮೆಯ ಬೆಲೆಯನ್ನೇ ಪೂರ್ತಿ ಕೊಡದವನಿಗೆ ಧನ್ಯವಾದ ಹೇಳುವುದು ಕೃತಜ್ಞತೆಯಲ್ಲ. ಅಲ್ಲಿ ಅರಿಯತಕ್ಕ ಕೃತವೇ ಇಲ್ಲ. ಡಿಕನ್ಸನು ಅವಳ ಮಾತನ್ನು ಖಂಡಿಸುವುದಿಲ್ಲ.

ಇನ್ನು ಸ್ಕ್ರೂಜನ ದಾನಗಳ ರೀತಿಯನ್ನು ನೋಡಬೇಕು. ಟರ್ಕಿಯನ್ನು ಕಳುಹಿಸುವಾಗ ಅದನ್ನು ಕಳುಹಿಸಿದವರಾರೆಂದು ಕ್ರ್ಯಾಚಿಟ್ಟನಿಗೆ ತಿಳಿಯಬಾರದೆಂದು ಅವನು ನಿಶ್ಚಯಿಸುತ್ತಾನೆ. ಧನ್ಯವಾದ ಬರುವ ದಾರಿಯನ್ನೇ ಮುಚ್ಚುತ್ತಾನೆ. ಬೀದಿಯಲ್ಲಿ ಹಿಂದಿನ ದಿನದ ಚಂದಾದಾರ ಮಹನೀಯನನ್ನು ಕಂಡು ಕಿವಿಯಲ್ಲಿ ಒಂದು ಮೊತ್ತವನ್ನು ಹೇಳುತ್ತಾನೆ. ಮೊತ್ತ ಎಷ್ಟೆಂಬುದು ಆ ಮಹನೀಯನಿಗಲ್ಲದೆ ಓದುಗನಿಗೆ ಕೇಳಿಸುವುದಿಲ್ಲ. ಅದರಲ್ಲಿ ಹಿಂದಿನ ಎಷ್ಟೋ ಬಾಕಿಗಳು ಸೇರಿವೆ ಎಂದು ಸ್ಕ್ರೂಜನೇ ವಿವರಿಸುತ್ತಾನೆ. ಮಹನೀಯನು ಏನು ಹೇಳಬೇಕೆಂದು ತಿಳಿಯದೆ ತಡವರಿಸಿದಾಗ ಅವನನ್ನು ತಡೆದು, ತಾನೇ ಅವನಿಗೆ ಮತ್ತೆ ಮತ್ತೆ ವಂದನೆ ಹೇಳುತ್ತಾನೆ. ಕೊಟ್ಟವನು ಕೈಮುಗಿಯುತ್ತಾನೆ, ಪಡೆದವನು ಬೆರಗಾಗಿ ನಿಲ್ಲುತ್ತಾನೆ.

ಹಳೆಯ ಬಾಕಿ ಎಂಬ ಈ ಮಾತನ್ನು ನಾವು ಬಹಳ ಮುಖ್ಯವೆಂದು ಎಣಿಸುತ್ತೇವೆ. ಯಾರಿಗೂ ಏನೂ ಬಾಕಿಯಿಲ್ಲವೆಂದು ಹಿಂದಿನ ಸಂಜೆ ಲೆಕ್ಕ ಮುಗಿಸಿದ್ದವನು ಮರುದಿನ ಬೆಳಗ್ಗೆ ತಾನು ಸಾಲಗಾರನೆಂದು ಒಪ್ಪಿಕೊಂಡಿದ್ದಾನೆ. ಕಥೆಯಲ್ಲಿ ಸಾಲದ ಎಳೆಯು ಆದ್ಯಂತವಾಗಿ ಹರಿಯುತ್ತದೆ. ಮಾರ್ಲಿಯ ಪ್ರೇತವು ಹೊತ್ತ ಸರಪಳಿಯು ಹಣದ ಪೆಟ್ಟಿಗೆ, ಬೀಗದ ಕೈ, ಖಾತೆ ಪುಸ್ತಕ, ಪತ್ರಗಳಿಂದಾದುದು. ಸ್ಕ್ರೂಜನ ಸಾವಿನಿಂದ ಯಾರಿಗಾದರೂ ಭಾವೋದ್ರೇಕವಾಗುವುದನ್ನು ತೋರಿಸೆಂದು ಭವಿಷ್ಯದ ಭೂತವನ್ನು ಬೇಡಿದಾಗ ಅದು ತೋರಿಸುವುದು ಅವನಿಗೆ ಸಾಲ ಕೊಡಬೇಕಾಗಿದ್ದ ಒಬ್ಬ ಬಡ ದಂಪತಿಗಳನ್ನು. ಅವನು ಸತ್ತನೆಂದು ಕೇಳಿ ಅವರಿಗಾದ ನೆಮ್ಮದಿಯನ್ನು. ಡಿಕನ್ಸನಿಗೆ ಸಾಲದ ಅರ್ಥ ಪುಸ್ತಕದಿಂದ ತಿಳಿದದ್ದಲ್ಲ. ೧೮೨೪ರಲ್ಲಿ ಅವನ ತಂದೆಯು ರೊಟ್ಟಿಯಂಗಡಿಯವನೊಬ್ಬನ ಸುಮಾರು ೪೦ ಪೌಂಡು ಸಾಲ ತೀರಿಸಲಾರದೆ ಮಾರ್ಷಲ್‌ಸೀ ಸೆರೆಮನೆಯನ್ನು ಸೇರಿದನು. ಹನ್ನೆರಡು ವರ್ಷದ ಬಾಲಕನು ವಾರಕ್ಕೆ ಆರು ಷಿಲಿಂಗಿಗೆ ಬೂಟಿನ ಮಸಿಯ ಕಾರ್ಖಾನೆಯಲ್ಲಿ ಚೀಟಿ ಅಂಟಿಸಿದನು. ಬಡವನ ಸಾಲಕ್ಕೆ ಸೆರೆಮನೆಯುಂಟು. ಸಿರಿವಂತನು ಬಡವನಿಗೆ ಕೊಡಬೇಕಾದ ಸಾಲವನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ. ಈ ಎರಡನೆಯ ಸಾಲದ ಖಾತೆಯನ್ನು ತೆರೆದುದೇ ಈ ಗ್ರಂಥದ ಹೆಚ್ಚುಗಾರಿಕೆ.

೫

ಇಷ್ಟು ಹೇಳಿದ ಮೇಲೆ ಗ್ರಂಥದ ಮಿತಿಯನ್ನೂ ಹೇಳುವುದು ವಿಮರ್ಶಕನ ಕರ್ತವ್ಯ. ಸಂಬಳ ಏರಿದುದು ಹಬ್ಬದ ದಿನವಲ್ಲ, ಡಿಸೆಂಬರ್ ೨೬ರ ಬೆಳಗ್ಗೆ, ಕಚೇರಿಯಲ್ಲಿ, ಹದಿನೆಂಟೂವರೆ ನಿಮಿಷ ತಡವಾಗಿ ಬಂದ ಗುಮಾಸ್ತನು ನಡುಗುತ್ತ ನಿಂತಾಗ. ಹಬ್ಬದ ಔದಾರ್ಯವು ಹಬ್ಬದ ಮರುದಿನಕ್ಕೆ, ಉಡುಗೊರೆಯಿಂದ ಕೂಲಿಗೆ, ದಾಟಬೇಕೆಂಬ ಸೂಚನೆ ಇಲ್ಲಿದೆ. ಇದು ಗ್ರಂಥದ ಅತ್ಯಂತ ಧೀರವಾದ ಹೆಜ್ಜೆ. ಆದರೆ ಆ ಹೆಜ್ಜೆಯೂ ಯಜಮಾನನ ಇಷ್ಟವನ್ನೇ ಅವಲಂಬಿಸಿದೆ. ಸ್ಕ್ರೂಜನ ಮನಸ್ಸು ತಿರುಗದಿದ್ದರೆ, ಅಥವಾ ಅವನು ಸತ್ತು ವ್ಯಾಪಾರವು ಬೇರೆಯವರ ಕೈಸೇರಿದರೆ, ಕ್ರ್ಯಾಚಿಟ್ಟನಿಗೆ ಆಧಾರವಾವುದು? ಗ್ರಂಥದಲ್ಲಿ ಅದಕ್ಕೆ ಎಡೆಯಿಲ್ಲ. ಸಂಬಳದ ಅಂಕಿಯು ಅಲ್ಲಿ ನಮೂದಾಗಿಲ್ಲದಿರುವುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ದಾನದ ಮೊತ್ತವನ್ನು ಪಿಸುಮಾತಿನಲ್ಲಿ ಹೇಳುವುದು ವಿನಯ. ಕೂಲಿಯ ಮೊತ್ತವನ್ನು ಹಾಗೆ ಬಿಡುವುದು ಬೇರೆಯ ಮಾತು. ಕೂಲಿಯು ಬಹಿರಂಗವಾಗಿ ಗೊತ್ತಾದ ಅಂಕಿಯಾಗಬೇಕು. ಆಗ ಮಾತ್ರ ಅದನ್ನು ಕೇಳಿ ಪಡೆಯಬಹುದು.

ಹಬ್ಬದ ರಜೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಲಸವಿಲ್ಲದ ದಿನಕ್ಕೆ ಸಂಬಳ ಕೊಡುವುದು ವರ್ಷಕ್ಕೊಮ್ಮೆ ಜೇಬು ಕತ್ತರಿಸಿದಂತೆ ಎಂದು ಸ್ಕ್ರೂಜನು ಗೊಣಗುತ್ತಾನೆ. ಡಿಸೆಂಬರ್ ೨೬ರಂದು ಆಳುಕಾಳುಗಳು ಪೆಟ್ಟಿಗೆ ಹಿಡಿದು ಇನಾಮು ಕೇಳುವ ಹಳೆಯ ಪದ್ಧತಿ ಇಂಗ್ಲೆಂಡಿನಲ್ಲಿತ್ತು. ಕ್ರ್ಯಾಚಿಟ್ಟನಿಗೆ ಆ ದಿನ ರಜೆಯಿರಲಿಲ್ಲ. ಅದನ್ನು ಬ್ಯಾಂಕುಗಳ ರಜೆಯಾಗಿ ಗೊತ್ತುಪಡಿಸಿದುದು ೧೮೭೧ರ ಕಾನೂನು. ಹೃದಯ ಪರಿವರ್ತನೆಯಿಂದ ಒಬ್ಬ ಗುಮಾಸ್ತನಿಗೆ ದೊರೆತುದು ಶಾಸನದಿಂದ ಹಲವರಿಗೆ ದೊರೆಯಲು ಇಪ್ಪತ್ತೆಂಟು ವರ್ಷ ಹಿಡಿಯಿತು.

ಗ್ರಂಥದ ಬೆಲೆಯನ್ನೂ ನೋಡಬಹುದು. ಜಾನ್ ಲೀಚನ ಬಣ್ಣದ ಚಿತ್ರಗಳು, ಚಿನ್ನದ ಅಂಚು, ಅಂದವಾದ ರಟ್ಟು ಇವುಗಳಿಂದ ಕೂಡಿದ ಪ್ರತಿಗೆ ಐದು ಷಿಲಿಂಗ್, ಅಂದರೆ ಕ್ರ್ಯಾಚಿಟ್ಟನ ವಾರದ ಸಂಬಳದಲ್ಲಿ ಮೂರನೆಯ ಒಂದು ಪಾಲು. ತನ್ನ ಕಥೆಯನ್ನು ತಾನೇ ಕೊಂಡು ಓದುವ ಶಕ್ತಿ ಅವನಿಗಿರಲಿಲ್ಲ. ಮೊದಲ ಮುದ್ರಣದ ೬,೦೦೦ ಪ್ರತಿಗಳು ಹಬ್ಬದೊಳಗೆ ಮಾರಾಟವಾದರೂ ಸಾವಿರ ಪೌಂಡು ನಿರೀಕ್ಷಿಸಿದ್ದ ಲೇಖಕನಿಗೆ ಅದರಿಂದ ಬಂದುದು ಸುಮಾರು ೨೩೦ ಪೌಂಡು. ಮರುತಿಂಗಳು ಗ್ರಂಥವನ್ನು ಕದ್ದು ಅಚ್ಚಿಸಿದವರ ಮೇಲೆ ದಾವೆ ಹೂಡಿ ಗೆದ್ದನು. ಅವರು ದಿವಾಳಿಯೆತ್ತಿ ಸುಮಾರು ೭೦೦ ಪೌಂಡಿನ ಖರ್ಚು ಅವನ ತಲೆಗೇ ಬಂತು. ಔದಾರ್ಯದ ಗ್ರಂಥವೂ ಪೇಟೆಯ ವಸ್ತುವೇ ಆಗಿತ್ತು. ಇದನ್ನು ನಾವು ಆಡಿಕೊಳ್ಳುವುದಕ್ಕಾಗಿ ಹೇಳುತ್ತಿಲ್ಲ; ಹಬ್ಬವನ್ನು ವ್ಯಾಪಾರದಿಂದ ಬಿಡಿಸಿ ನೋಡುವುದು ಆಗಲೂ ಸಾಧ್ಯವಿರಲಿಲ್ಲವೆಂಬುದಕ್ಕಾಗಿ ಹೇಳುತ್ತಿದ್ದೇವೆ. ಮೊದಲ ಕ್ರಿಸ್‌ಮಸ್ ಶುಭಾಶಯ ಪತ್ರವೆಂದು ಪ್ರಸಿದ್ಧವಾದುದನ್ನು ಹೆನ್ರಿ ಕೋಲ್ ಎಂಬಾತ ಚಿತ್ರಕಾರ ಹಾರ್ಸ್ಲಿಯಿಂದ ಬರೆಯಿಸಿದುದೂ ಅದೇ ೧೮೪೩ರಲ್ಲಿ. ಬೆಲೆ ಒಂದು ಷಿಲಿಂಗ್. ನಡುವೆ ಪಾನಪಾತ್ರೆ ಎತ್ತಿ ಹಿಡಿದ ಸಿರಿವಂತ ಕುಟುಂಬ; ಎಡಬಲಗಳಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ಚಿತ್ರಗಳು. ಹಬ್ಬವು ನಡುವೆ, ದಾನವು ಅಂಚಿನಲ್ಲಿ: ಆ ಕಾಲದ ಮನಸ್ಸು ತನ್ನನ್ನು ತಾನೇ ಹೀಗೆ ಚಿತ್ರಿಸಿಕೊಂಡಿತು.

೬

ಈ ಚರ್ಚೆಗೆ ಸಮುದ್ರದಾಚೆಯ ನ್ಯೂಯಾರ್ಕಿನಿಂದ ಎರಡು ಸಾಕ್ಷ್ಯಗಳನ್ನು ಸೇರಿಸುವುದು ಉಪಯುಕ್ತ. ಒಂದು ಕಥೆ, ಇನ್ನೊಂದು ಘಟನೆ. ಡಿಕನ್ಸನ ಹಬ್ಬವು ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಅಲ್ಲಿಯ ದೊಡ್ಡ ದೊಡ್ಡ ಅಂಗಡಿಗಳ ಹಬ್ಬವಾಗಿ ಬೆಳೆದಿತ್ತು.

ಕಥೆಯು ಓ. ಹೆನ್ರಿಯದು, ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ಎಂದು ಹೆಸರಾದುದು. ೧೯೦೫ರ ಡಿಸೆಂಬರ್ ೧೦ರಂದು ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಗಂಡನ ಗಡಿಯಾರಕ್ಕೆ ಸರಪಳಿ ತರಲು ಹೆಂಡತಿ ತನ್ನ ಕೂದಲನ್ನು ಮಾರುತ್ತಾಳೆ. ಹೆಂಡತಿಯ ಕೂದಲಿಗೆ ಬಾಚಣಿಗೆಗಳನ್ನು ತರಲು ಗಂಡನು ಗಡಿಯಾರವನ್ನೇ ಮಾರುತ್ತಾನೆ. ಉಡುಗೊರೆಗಳೆರಡೂ ನಿರುಪಯೋಗಿ. ಇದನ್ನು ಪ್ರೇಮದ ಕಥೆಯೆಂದು ಎಲ್ಲರೂ ಓದುತ್ತಾರೆ. ಆದರೆ ಇದು ಅಂಕಿಗಳ ಕಥೆಯೂ ಹೌದು. ಕೈಯಲ್ಲಿದ್ದುದು ೧ ಡಾಲರ್ ೮೭ ಸೆಂಟ್. ಮನೆಬಾಡಿಗೆ ವಾರಕ್ಕೆ ೮ ಡಾಲರ್. ಗಂಡನ ಸಂಬಳ ಮೂವತ್ತರಿಂದ ಇಪ್ಪತ್ತಕ್ಕೆ ಇಳಿದಿದೆ. ಸರಪಳಿಯ ಬೆಲೆ ೨೧. ಸ್ಕ್ರೂಜನು ಕೊಟ್ಟುದು ಹೆಚ್ಚಾಗಿ ಉಳಿದುದರಿಂದ. ಇವರು ಕೊಟ್ಟುದು ಇದ್ದ ಒಂದೇ ಒಂದರಿಂದ. ಇಲ್ಲಿ ಕೊಡುವವರೂ ಪಡೆಯುವವರೂ ಸಮಾನರು. ಆದ್ದರಿಂದ ಯಾರ ಋಣ ಎಷ್ಟೆಂದು ಅಳೆಯುವ ಅಗತ್ಯವೇ ಬೀಳುವುದಿಲ್ಲ.

ಘಟನೆಯು ಇದಕ್ಕೆ ತೀರ ವಿರುದ್ಧ. ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ ನಿರುಪಯುಕ್ತ ಉಡುಗೊರೆಗಳ ನಿವಾರಣ ಸಂಘವೊಂದು ಹುಟ್ಟಿತು. ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಗಳನ್ನು ಕೂಡಿಸಿ ‘ಸ್ಪಗ್’ ಎನ್ನುತ್ತಿದ್ದರು. ಬ್ಯಾಂಕರನ ಪತ್ನಿ ಎಲಿನರ್ ಬೆಲ್ಮಾಂಟ್ ಮತ್ತು ಜೆ. ಪಿ. ಮಾರ್ಗನ್ನನ ಮಗಳು ಆನ್ ಮಾರ್ಗನ್ ಅದರ ಮುಂದಾಳುಗಳು. ಅಂಗಡಿ ಕಚೇರಿಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳು ಅದರ ಬಲ. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನೂ ಸದಸ್ಯನಾದನು. ಹೆಸರನ್ನು ನೋಡಿದರೆ ವಸ್ತುಮೋಹವನ್ನು ಖಂಡಿಸುವ ಸಂಘವೆಂದು ತೋರುತ್ತದೆ. ಆದರೆ ಅದು ಎದುರಿಸಿದ ಕೆಡುಕು ಬೇರೆ. ಹಬ್ಬ ಬಂದಿತೆಂದರೆ ಈ ಹೆಣ್ಣುಮಕ್ಕಳು ತಮ್ಮ ಅಲ್ಪ ಸಂಬಳದಿಂದ ವಂತಿಗೆ ಹಾಕಿ ಮೇಲಧಿಕಾರಿಗಳಿಗೆ ಉಡುಗೊರೆ ಕೊಡಬೇಕಾಗಿತ್ತು. ಕೊಡದಿದ್ದರೆ ಕೆಲಸದ ಮೇಲೆ ಕಣ್ಣು ಬಿದ್ದೀತೆಂಬ ಭಯ. ಕೃತಜ್ಞತೆಯು ಅಲ್ಲಿ ಒಂದು ತೆರಿಗೆಯಾಗಿತ್ತು. ಕ್ರ್ಯಾಚಿಟ್ಟನ ಹೆಂಡತಿಯು ಮನೆಯೊಳಗೆ ಸಿಡುಕಿನಿಂದ ಹೇಳಿದುದನ್ನು ಈ ಹೆಣ್ಣುಮಕ್ಕಳು ಸಂಘ ಕಟ್ಟಿ ಹೊರಗೆ ಹೇಳಿದರು. ಅದೇ ಕಾಲದಲ್ಲಿ ಫ್ಲಾರೆನ್ಸ್ ಕೆಲಿಯ ನೇತೃತ್ವದ ಬಳಕೆದಾರರ ಒಕ್ಕೂಟವು ಹಬ್ಬದ ಖರೀದಿಯನ್ನು ಮೊದಲೇ ಮುಗಿಸಿರೆಂದು ಗಿರಾಕಿಗಳನ್ನು ಬೇಡುತ್ತಿತ್ತು. ಕೊನೆಯ ವಾರಗಳಲ್ಲಿ ಅಂಗಡಿಯ ಆಳುಗಳು ನಡುರಾತ್ರಿಯವರೆಗೆ ನಿಂತು ದುಡಿಯುವುದು ತಪ್ಪಲಿ ಎಂಬುದೇ ಅದರ ಉದ್ದೇಶ.

ಈ ಎರಡು ಚಳವಳಿಗಳಲ್ಲಿಯೂ ನಮಗೆ ಕಾಣುವುದು ಒಂದೇ ಪಾಠ. ಹಬ್ಬದಲ್ಲಿ ವಸ್ತು ಹೆಚ್ಚಾಯಿತೆ ಕಡಮೆಯಾಯಿತೆ ಎಂಬುದಕ್ಕಿಂತ, ಅದು ಯಾರ ಕೈಯಿಂದ ಯಾರ ಕೈಗೆ, ಯಾವ ಒತ್ತಡದಿಂದ ಹೋಯಿತು, ಅದನ್ನು ಸಿದ್ಧಪಡಿಸಿ ಮಾರಿದವರಿಗೆ ಏನು ಸಂದಿತು ಎಂಬುದೇ ಮುಖ್ಯವಾದ ಪ್ರಶ್ನೆ.

೭

ಉಪಸಂಹಾರವಾಗಿ ಎರಡು ಮಾತು. ಹಬ್ಬದ ಔದಾರ್ಯವನ್ನು ಕುರಿತ ಬೋಧೆಗಳಲ್ಲಿ ಕೃತಜ್ಞತೆಯನ್ನು ಬಡವನಿಗೂ ಔದಾರ್ಯವನ್ನು ಸಿರಿವಂತನಿಗೂ ಹಂಚಿಕೊಡುವುದು ರೂಢಿಯಾಗಿದೆ. ಇದ್ದುದರಲ್ಲಿ ತೃಪ್ತನಾಗಿರು ಎಂಬ ಮಾತು ಒಬ್ಬನಿಗೆ, ಒಂದಿಷ್ಟು ಕೊಡು ಎಂಬ ಮಾತು ಇನ್ನೊಬ್ಬನಿಗೆ. ಡಿಕನ್ಸನ ಗ್ರಂಥವು ಎಚ್ಚರದಿಂದ ಓದುವವನಿಗೆ ಈ ಹಂಚಿಕೆಯನ್ನು ತಲೆಕೆಳಗು ಮಾಡುತ್ತದೆ. ಅದರಲ್ಲಿ ಕೃತಜ್ಞತೆಯನ್ನು ಕಲಿಯಬೇಕಾದವನು ಉಳ್ಳವನು. ತನ್ನ ಸಂಪತ್ತಿನಲ್ಲಿ ಇತರರ ದುಡಿಮೆ, ಇತರರ ಪ್ರೀತಿ ಎಷ್ಟು ಸೇರಿದೆಯೆಂಬುದನ್ನು ಅರಿಯಬೇಕಾದವನು ಅವನು. ಆ ಅರಿವು ಬಂದ ಮೇಲೆ ಕೊಟ್ಟುದು ಕೊಡುಗೆಯಾಗಿ ಕಾಣುವುದಿಲ್ಲ, ಬಾಕಿಯಾಗ��� ಕಾಣುತ್ತದೆ. ಅಲ್ಲಿಂದ ಮುಂದಿನ ಹೆಜ್ಜೆ, ಆ ಬಾಕಿಯನ್ನು ಯಜಮಾನನ ಮನಸ್ಸಿಗೆ ಬಿಡದೆ ಶಾಸನಕ್ಕೂ ಸಂಘಕ್ಕೂ ಒಪ್ಪಿಸುವುದು, ಗ್ರಂಥದಲ್ಲಿಲ್ಲ. ಅದನ್ನು ಇಟ್ಟವರು ನ್ಯೂಯಾರ್ಕಿನ ಅಂಗಡಿಯ ಹುಡುಗಿಯರಂಥವರು. ಆದರೆ ಶಾಸನವು ಬಂದ ಮೇಲೆ ಔದಾರ್ಯ ಬೇಡವಾಗುತ್ತದೆಂದು ನಾವು ಹೇಳುವುದಿಲ್ಲ. ಕೂಲಿಯು ಪೂರ್ತಿಯಾಗಿ ಸಂದ ಮನೆಯಲ್ಲಿಯೇ ಉಡುಗೊರೆಯು ನಿಜವಾದ ಉಡುಗೊರೆಯಾಗುತ್ತದೆ. ಅಲ್ಲಿಯ ಧನ್ಯವಾದದಲ್ಲಿ ಭಯದ ಕಲಬೆರಕೆಯಿರುವುದಿಲ್ಲ.

ಗುಮಾಸ್ತನ ಸಂಬಳ ಎಷ್ಟಕ್ಕೆ ಏರಿತೆಂದು ಕೇಳಿದ ವಿದ್ಯಾರ್ಥಿಗೆ ಅಂದು ನಾವು ಉತ್ತರ ಕೊಡಲಿಲ್ಲ. ಇಂದೂ ಅಂಕಿಯನ್ನು ಹೇಳಲಾರೆವು. ಆದರೆ ಆ ಪ್ರಶ್ನೆಯೇ ಗ್ರಂಥವನ್ನು ಓದುವ ಸರಿಯಾದ ದಾರಿಯೆಂದು ಈಗ ಒಪ್ಪುತ್ತೇವೆ. ಅಂದು ನಕ್ಕುದಕ್ಕಾಗಿ ಅವನಿಗೆ ಸಲ್ಲಬೇಕಾದ ಬಾಕಿಯೊಂದು ನಮ್ಮಲ್ಲಿ ಉಳಿದಿತ್ತು. ಈ ಲೇಖನವನ್ನು ಅದರ ಲೆಕ್ಕಕ್ಕೆ ಬರೆದುಕೊಳ್ಳಬೇಕೆಂದು ಕೋರುತ್ತೇವೆ.